ನಾಟಿಲಸ್ ನಮ್ಮ ಕಡಲಿನಲ್ಲಿ ಹಾದುಹೋದ ಪುಟ: ಮಳೆಗಾಲದ ಒಂದು ಮರುಓದು

ಪಡುಕರೆಯ ಓದುಗ

ಎಲ್ಲರಿಗೂ ನಮಸ್ಕಾರ.

ಜೂಲ್ಸ್ ವರ್ನ್ ಬರೆದ ‘ಕಡಲಡಿಯಲ್ಲಿ ಇಪ್ಪತ್ತು ಸಾವಿರ ಲೀಗ್’ ಕಾದಂಬರಿಯನ್ನು ನಾನು ಮೊದಲು ಓದಿದ್ದು ಏಳನೆಯ ತರಗತಿಯಲ್ಲಿ, ಮುಖಪುಟ ಕಿತ್ತುಹೋಗಿದ್ದ ಒಂದು ತೆಳ್ಳಗಿನ ಸಂಕ್ಷಿಪ್ತ ಕನ್ನಡ ಪುಸ್ತಕದಲ್ಲಿ. ಆಮೇಲೆ ಕಾಲೇಜಿನ ದಿನಗಳಲ್ಲಿ ಒಮ್ಮೆ, ಅಧ್ಯಾಪಕನಾದ ಮೇಲೆ ಇನ್ನೊಮ್ಮೆ ಇಂಗ್ಲಿಷಿನಲ್ಲಿ ಓದಿದೆ. ಈಗ ನಿವೃತ್ತನಾಗಿ, ಈ ಮಳೆಗಾಲದಲ್ಲಿ ನಾಲ್ಕನೆಯ ಸಲ ಓದುತ್ತಿದ್ದೇನೆ. ಈ ಸಲ ಗಟ್ಟಿಯಾಗಿ ಓದುತ್ತಿದ್ದೇನೆ, ಕೇಳಲು ಜನರೂ ಇದ್ದಾರೆ. ಹಾಗಾಗಿ ಹಿಂದಿನ ಮೂರು ಸಲ ಕಣ್ಣು ತಪ್ಪಿಸಿಕೊಂಡಿದ್ದ ಸಂಗತಿಗಳು ಒಂದೊಂದಾಗಿ ಎದ್ದು ಕಾಣುತ್ತಿವೆ. ಅವನ್ನು ಇಲ್ಲಿ ಹಂಚಿಕೊಳ್ಳಬೇಕೆನಿಸಿತು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದು ನಿಮಗೆ ಗೊತ್ತೇ ಇದೆ. ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ಒತ್ತಿ ನಿಂತಿರುವ, ಮಳೆ ಹಿಡಿದರೆ ಬಿಡದ ಈ 61 ದಿನಗಳಲ್ಲಿ, ಶನಿವಾರ ಸಂಜೆ ನಮ್ಮ ಮನೆಯ ಜಗಲಿಯಲ್ಲಿ ನಾಲ್ಕಾರು ಮನೆಗಳ ಮಕ್ಕಳು, ಬೋಟಿಗೆ ಹೋಗುವ ಇಬ್ಬರು ಯುವಕರು, ಮತ್ತೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತಾಂಡೇಲರಾಗಿ, ಅಂದರೆ ಬೋಟು ನಡೆಸುವ ಮುಖ್ಯಸ್ಥರಾಗಿ, ಇದ್ದು ಈಗ ಕಡಲಿಗಿಳಿಯುವುದನ್ನು ಬಿಟ್ಟಿರುವ ನೆರೆಮನೆಯ ಹಿರಿಯರು ಬಂದು ಕೂರುತ್ತಾರೆ. ನಾನು ಇಂಗ್ಲಿಷ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳುತ್ತೇನೆ. ನಡುನಡುವೆ ತುಳುವೂ ಬರುತ್ತದೆ.

ಪುಸ್ತಕದ ಹೆಸರಿನಿಂದಲೇ ಮಾತು ಶುರುವಾಯಿತು. ಇಪ್ಪತ್ತು ಸಾವಿರ ಲೀಗ್ ಆಳಕ್ಕೆ ಇಳಿಯುತ್ತಾರೆಂದು ಮಕ್ಕಳು ತಿಳಿದಿದ್ದರು. ಆ ವಯಸ್ಸಿನಲ್ಲಿ ನಾನೂ ಹಾಗೆಯೇ ತಿಳಿದಿದ್ದೆ. ಅದು ನೀರಿನಡಿಯಲ್ಲಿ ಸಾಗಿದ ದೂರ. ವರ್ನ್ ಲೆಕ್ಕದಲ್ಲಿ ಒಂದು ಲೀಗ್ ಎಂದರೆ 4 ಕಿಲೊಮೀಟರ್. ಒಟ್ಟು 80,000 ಕಿಲೊಮೀಟರ್, ಭೂಮಿಯ ಸುತ್ತಳತೆಯ ಎರಡರಷ್ಟು. ನಮ್ಮಲ್ಲಿ ಅದಕ್ಕೆ ಹತ್ತಿರವಾದ ಹಳೆಯ ಮಾತು ‘ಹರದಾರಿ’. ನಾನು ಹಾಗೆಂದ ಕೂಡಲೇ ತಾಂಡೇಲರು, “ಆಳವಾದರೆ ಮಾರು ಅನ್ನಬೇಕು, ಹರದಾರಿ ಅಂದ ಮೇಲೆ ದೂರವೇ” ಎಂದರು. ಮಕ್ಕಳಿಗೆ ಆಮೇಲೆ ಸಂದೇಹ ಉಳಿಯಲಿಲ್ಲ.

ನಾನು ಮುಖ್ಯವಾಗಿ ಬರೆಯಹೊರಟದ್ದು ಎರಡನೆಯ ಭಾಗದ ಒಂದು ಪುಟದ ಬಗ್ಗೆ. ಸಿಂಹಳದ ಮುತ್ತಿನ ಅಧ್ಯಾಯ ಮುಗಿದ ಮೇಲೆ, ಜನವರಿ 29ರಂದು, ನಾಯಕ ನೆಮೊನ ಜಲಾಂತರ್ಗಾಮಿ ಹಡಗು ನಾಟಿಲಸ್ ಗಂಟೆಗೆ ಇಪ್ಪತ್ತು ಮೈಲಿ ವೇಗದಲ್ಲಿ ಮಾಲ್ಡೀವ್ಸ್ ಮತ್ತು ಲಕ್ಷದ್ವೀಪಗಳ ನಡುವಿನ ಕಾಲುವೆಗಳ ಜಾಲದೊಳಗೆ ನುಗ್ಗುತ್ತದೆ. ಕಿಲ್ತಾನ್ ಎಂಬ ಹವಳದ ದ್ವೀಪದ ದಡ ಹಿಡಿದು ಸಾಗುತ್ತದೆ. ಎಲ್ಲ ಸೇರಿ ಎರಡು ವಾಕ್ಯ. ಮುಂದೆ ಕೆಂಪು ಸಮುದ್ರದ ಸಾಹಸ ಕಾದಿರುವುದರಿಂದ ಹಿಂದಿನ ಮೂರು ಸಲವೂ ನಾನು ಇದರ ಮೇಲೆ ಕಣ್ಣಾಡಿಸಿ ಮುಂದೆ ಹೋಗಿದ್ದೆ. ಈ ಸಲವೂ ಹಾಗೆಯೇ ಓದಿಕೊಂಡು ಹೋಗುತ್ತಿದ್ದಾಗ ತಾಂಡೇಲರು ಕೈ ಎತ್ತಿ, “ನಿಲ್ಲಿಸಿ ಮಾಷ್ಟ್ರೇ, ಯಾವ ದ್ವೀಪ ಅಂದಿರಿ?” ಎಂದು ಕೇಳಿದರು. ಕಿಲ್ತಾನ್ ಎಂದೆ. “ಅದು ನಮ್ಮ ಎದುರಿಗೇ ಇದೆಯಲ್ಲ” ಎಂದರು.

ಒಳಗಿನಿಂದ ಹಳೆಯ ಭೂಪಟವನ್ನು ತಂದು ಜಗಲಿಯ ನೆಲದ ಮೇಲೆ ಹರಡಿದೆವು. ಮೂಲೆಗಳು ಮಡಚಿಕೊಳ್ಳದಂತೆ ಮಕ್ಕಳು ನಾಲ್ಕು ಕಡೆ ಕೂತರು. ಬಲೆ ಹೆಣೆಯುವ ನೂಲಿನ ತುಂಡೊಂದನ್ನು ಮಂಗಳೂರಿನಿಂದ ಕಿಲ್ತಾನ್‌ಗೆ ಎಳೆದು ಹಿಡಿದು ಅಳತೆಪಟ್ಟಿಗೆ ಹೋಲಿಸಿದಾಗ ಸುಮಾರು 250 ಕಿಲೊಮೀಟರ್ ಬಂತು. ಮಲ್ಪೆಯಿಂದ ಇನ್ನೂ ಸ್ವಲ್ಪ ಹೆಚ್ಚು. ಸಂಜೆ ಹೊರಟ ಬೋಟು ಮರುದಿನ ಮಧ್ಯಾಹ್ನ ಕಳೆದ ಮೇಲೆ ಅಲ್ಲಿಗೆ ಮುಟ್ಟುತ್ತದೆಂದು ತಾಂಡೇಲರು ಲೆಕ್ಕ ಹೇಳಿದರು. ಐವತ್ತು ವರ್ಷಗಳಿಂದ ನಾನು ದೂರದ ಫ್ರೆಂಚ್ ಕಥೆಯೆಂದುಕೊಂಡಿದ್ದ ಈ ಕಾದಂಬರಿ ನಮ್ಮ ಬೋಟುಗಳು ಮುಟ್ಟಬಲ್ಲ ನೀರಿನಲ್ಲಿಯೇ ಹಾದುಹೋಗಿತ್ತು, ಮತ್ತು ಅದು ನನಗೆ ಕಂಡದ್ದು ಕಡಲು ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಕೇಳಿದಾಗ.

ಇನ್ನೊಂದು ಪುಟ್ಟ ಸಂಗತಿ. ನನ್ನ ಪ್ರತಿಯಲ್ಲಿ ಆ ದ್ವೀಪಗಳ ರೇಖಾಂಶವನ್ನು 69 ಡಿಗ್ರಿ 50 ನಿಮಿಷ 72 ಸೆಕೆಂಡ್ ಎಂದು ಅಚ್ಚು ಮಾಡಿದ್ದಾರೆ. ಅರವತ್ತನ್ನು ಮೀರಿದ ಸೆಕೆಂಡ್ ಇರುವುದಿಲ್ಲವೆಂದು ಒಂಬತ್ತನೆಯ ತರಗತಿಯ ಹುಡುಗಿ ಹಿಡಿದಳು. ಕಿಲ್ತಾನ್ ನಿಜವಾಗಿ ಇರುವುದು 73 ಡಿಗ್ರಿಯ ಹತ್ತಿರ.

ನಿಮ್ಮಲ್ಲಿ ಯಾರಾದರೂ ಈ ಕಾದಂಬರಿಯನ್ನು ದೊಡ್ಡವರಾದ ಮೇಲೆ ಮತ್ತೆ ಓದಿದ್ದೀರಾ? ಕಿಲ್ತಾನ್ ಬಗ್ಗೆ, ಅಥವಾ ನೆಮೊ ಬಗ್ಗೆ ನಮಗೆ ಹೇಳಬಹುದಾದದ್ದು ನಿಮ್ಮಲ್ಲಿದ್ದರೆ ದಯವಿಟ್ಟು ಬರೆಯಿರಿ. ನಿಮ್ಮ ಮಾತುಗಳನ್ನು ಮುಂದಿನ ಶನಿವಾರ ಜಗಲಿಯಲ್ಲಿ ಓದಿ ಹೇಳುತ್ತೇನೆ.

ಬಂದರಿನ ಮೊಮ್ಮಗ, ಮಂಗಳೂರು

ಮಾಷ್ಟ್ರೇ, ನಿಮ್ಮ ಬರಹವನ್ನು ಓದಿ ಎದ್ದು ಕೂತೆ. ಕಿಲ್ತಾನ್ ಎಂಬುದು ನಮ್ಮ ಮನೆಯಲ್ಲಿ ದಿನಬಳಕೆಯ ಹೆಸರಾಗಿತ್ತು. ನನ್ನ ಅಜ್ಜ ಮಂಗಳೂರಿನ ಹಳೆ ಬಂದರಿನ ಧಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳಿಗೆ ಸರಕು ಏರಿಸುವ ಲೆಕ್ಕ ಬರೆಯುತ್ತಿದ್ದರು. ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್ ಎಂದು ಅವರು ದ್ವೀಪಗಳ ಹೆಸರನ್ನು ಹೇಳುತ್ತಿದ್ದ ಕ್ರಮ ನಮಗೆ ಮಗ್ಗಿಯಂತೆ ಬಾಯಿಗೆ ಬಂದಿತ್ತು. ಹೋಗುವಾಗ ಅಕ್ಕಿ, ತರಕಾರಿ, ಮನೆ ಕಟ್ಟುವ ಸಾಮಾನು; ಬರುವಾಗ ಕೊಬ್ಬರಿ, ನಾರು, ಒಣಮೀನು. ಮಳೆಗಾಲದಲ್ಲಿ ಮಂಜಿಗಳು ಹೊರಡುವುದಿಲ್ಲವಾದ್ದರಿಂದ ಅಜ್ಜನಿಗೂ ಆ ತಿಂಗಳುಗಳಲ್ಲಿ ಬಿಡುವಿರುತ್ತಿತ್ತು.

ನಿಮ್ಮ ಜಗಲಿಯವರಿಗೆ ಈ ಸಂಗತಿಯನ್ನು ಖಂಡಿತವಾಗಿ ಹೇಳಿ: ಕಿಲ್ತಾನ್ ಸೇರಿರುವ ಅಮಿನ್‌ದಿವಿ ಗುಂಪು 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶಕ್ಕೆ ಸೇರುವ ತನಕ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆ ದ್ವೀಪಗಳ ಆಡಳಿತ ನಡೆಯುತ್ತಿದ್ದುದು ಮಂಗಳೂರಿನಿಂದ. ಅಂದರೆ ವರ್ನ್ ಪ್ಯಾರಿಸ್ಸಿನ ಪತ್ರಿಕೆಯಲ್ಲಿ 1869–70ರಲ್ಲಿ ಈ ಕಥೆಯನ್ನು ಕಂತುಗಳಾಗಿ ಪ್ರಕಟಿಸುತ್ತಿದ್ದಾಗ, ನೆಮೊ ಸುತ್ತುಹಾಕಿಕೊಂಡು ಹೋದ ಆ ನೆಲ ನಮ್ಮ ಜಿಲ್ಲೆಯದಾಗಿತ್ತು.

ಅದಕ್ಕೂ ಹಿಂದಿನ ಕಥೆ ಇನ್ನೂ ಕುತೂಹಲದ್ದು. ಇದೇ ಅಮಿನ್‌ದಿವಿ ಗುಂಪಿನ ದ್ವೀಪಗಳು 1787ರಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಗೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಕೈಸೇರಿದವು. ಈಗ ವರ್ನ್ ಬರೆದ ಇನ್ನೊಂದು ಕಾದಂಬರಿ ‘ನಿಗೂಢ ದ್ವೀಪ’ವನ್ನು ನೆನಪಿಸಿಕೊಳ್ಳಿ. ಅದರ ಕೊನೆಯಲ್ಲಿ, ಸಾಯುವ ಹೊತ್ತಿನಲ್ಲಿ, ನೆಮೊ ತಾನು ಯಾರೆಂದು ಹೇಳುತ್ತಾನೆ: ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನ ಸಂಬಂಧದಲ್ಲಿ ಸೋದರಳಿಯ, 1857ರ ದಂಗೆಯಲ್ಲಿ ಎಲ್ಲವನ್ನೂ ಕಳೆದುಕೊಂಡವನು. ತನ್ನ ಬಂಧು ಆಳಿದ್ದ ದ್ವೀಪದ ಪಕ್ಕದಲ್ಲಿಯೇ ಅವನು ಮಾತಿಲ್ಲದೆ ಹಾದುಹೋಗಿದ್ದಾನೆ! ವರ್ನ್‌ಗೆ ಇದು ಗೊತ್ತಿದ್ದು ಬರೆದದ್ದೆಂದು ನಾನು ಹೇಳುವುದಿಲ್ಲ, ಏಕೆಂದರೆ ನೆಮೊ ಭಾರತೀಯನೆಂಬುದು ಅವನಿಗೆ ಆಮೇಲೆ ಹೊಳೆದದ್ದು. ಮೊದಲು ಅವನು ನೆಮೊನನ್ನು ರಷ್ಯನ್ನರ ಕೈಯಲ್ಲಿ ಕುಟುಂಬವನ್ನು ಕಳೆದುಕೊಂಡ ಪೋಲಿಷ್ ಮನುಷ್ಯನನ್ನಾಗಿ ಮಾಡಬೇಕೆಂದಿದ್ದ; ಪ್ರಕಾಶಕ ಹೆಟ್ಜೆಲ್ ಒಪ್ಪದೆ ಹೋದದ್ದರಿಂದ ಮೊದಲ ಕಾದಂಬರಿಯಲ್ಲಿ ನೆಮೊನಿಗೆ ದೇಶವೇ ಇಲ್ಲದಾಯಿತು.

ಒಂದು ಮಾತಿನಲ್ಲಿ ಮಾತ್ರ ವರ್ನ್ ಜೊತೆ ನನ್ನ ತಕರಾರಿದೆ. ಅದೇ ವಾಕ್ಯದಲ್ಲಿ ಕಿಲ್ತಾನನ್ನು ವಾಸ್ಕೊ ಡ ಗಾಮ 1499ರಲ್ಲಿ ‘ಕಂಡುಹಿಡಿದ’ನೆಂದು ಬರೆದಿದ್ದಾನೆ. ಗಾಮ ಬರುವುದಕ್ಕೆ ಎಷ್ಟೋ ಶತಮಾನಗಳ ಮೊದಲೇ ಅಲ್ಲಿ ಜನರು ತೆಂಗು ಬೆಳೆಸಿಕೊಂಡು ಬದುಕಿದ್ದರು. ಮಕ್ಕಳಿಗೆ ಓದಿ ಹೇಳುವಾಗ ಆ ಪದದ ಬಳಿ ಒಂದು ಕ್ಷಣ ನಿಲ್ಲಬೇಕೆಂದು ನನ್ನ ಕೋರಿಕೆ.

ಹೊಸ ಓದುಗ, ಕಾಪು

ನಾನು ಈ ಕಾದಂಬರಿಯನ್ನು ಈಗಷ್ಟೇ ಹಿಡಿದಿದ್ದೇನೆ. ಟಿಪ್ಪುವಿನ ವಿಷಯ ಬಹಳ ಇಷ್ಟವಾಯಿತು, ಆದರೆ ಕಾಲದ ಲೆಕ್ಕ ಕೂಡಿಬರುತ್ತದೆಯೇ? ಟಿಪ್ಪು 1799ರಲ್ಲಿ ತೀರಿಕೊಂಡ. ಡಕ್ಕರ್ ಯುರೋಪಿನಲ್ಲಿ ಓದು ಮುಗಿಸಿ ಮೂವತ್ತರ ಪ್ರಾಯದಲ್ಲಿ ಬುಂದೇಲಖಂಡಕ್ಕೆ ಮರಳಿದ್ದು 1849ರಲ್ಲಿ ಎಂದು ಪುಸ್ತಕದಲ್ಲಿದೆ. ಹಾಗಾದರೆ ಸೋದರಮಾವ ತೀರಿಕೊಂಡು ಇಪ್ಪತ್ತು ವರ್ಷಗಳ ಮೇಲೆ ಅಳಿಯ ಹುಟ್ಟಿದ ಹಾಗಾಯಿತು. ಆಗಬಾರದೆಂದೇನಿಲ್ಲ, ಆದರೆ ಮೈಸೂರಿಗೂ ಬುಂದೇಲಖಂಡಕ್ಕೂ ನಂಟು ಕಟ್ಟುವಾಗ ವರ್ನ್ ಇತಿಹಾಸಕ್ಕಿಂತ ಹೆಸರಿನ ಪ್ರಖ್ಯಾತಿಯನ್ನು ನೆಚ್ಚಿಕೊಂಡಂತೆ ಕಾಣುತ್ತದೆ.

ಜೊತೆಗೆ ಒಂದು ಪ್ರಶ್ನೆ: ಮಾಷ್ಟ್ರು ಓದುತ್ತಿರುವುದು ಯಾವ ಅನುವಾದ? ನಾನು ಎರಡು ಪ್ರತಿಗಳನ್ನು ಇಳಿಸಿಕೊಂಡೆ, ಒಂದು ಇನ್ನೊಂದಕ್ಕಿಂತ ಬಹಳ ಚಿಕ್ಕದಾಗಿದೆ.

ಪಡುಕರೆಯ ಓದುಗ

ಬಂದರಿನ ಮೊಮ್ಮಗನಿಗೆ ನಮ್ಮ ಜಗಲಿಯ ಪರವಾಗಿ ಕೃತಜ್ಞತೆಗಳು. ನಿಮ್ಮ ಬರಹವನ್ನು ಶನಿವಾರ ಪೂರ್ತಿಯಾಗಿ ಓದಿ ಹೇಳಿದೆ. ಕಿಲ್ತಾನ್ ನಮ್ಮ ಜಿಲ್ಲೆಯಾಗಿತ್ತೆಂದು ಕೇಳಿ ಮಕ್ಕಳು ಭೂಪಟದ ಆ ಚುಕ್ಕೆಯ ಸುತ್ತ ಪೆನ್ಸಿಲಿನಿಂದ ಒಂದು ವೃತ್ತ ಬರೆದಿದ್ದಾರೆ. ‘ಕಂಡುಹಿಡಿದ’ ಎಂಬಲ್ಲಿ ನಿಂತೆವು. ಅದನ್ನು ನಾನು ‘ಗಾಮ ಅಲ್ಲಿಗೆ ಬಂದನೆಂದು ವರ್ನ್ ಬರೆದಿದ್ದಾನೆ’ ಎಂದು ತಿದ್ದಿ ಹೇಳಿದೆ.

ಅನುವಾದದ ಪ್ರಶ್ನೆಗೆ ಉತ್ತರ ಕೊಡಲು ನನಗೆ ಬಹಳ ಹೇಳುವುದಿದೆ. ನನ್ನಲ್ಲಿದ್ದದ್ದು 1870ರ ದಶಕದ ಹಳೆಯ ಇಂಗ್ಲಿಷ್ ಅನುವಾದ. ಇಂಗ್ಲಿಷ್ ಓದುವ ಜಗತ್ತಿಗೆ ವರ್ನ್ ತಲುಪಿದ್ದು ಬಹುಕಾಲ ಇದರ ಮೂಲಕವೇ, ಆದರೆ ಇದರಲ್ಲಿ ಮೂಲದ ಸುಮಾರು ಐದನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಕತ್ತರಿಸಿದ್ದಾರೆ. ನನಗೆ ಇದು ಗೊತ್ತಾದದ್ದು ಹೇಗೆಂದು ಹೇಳಬೇಕು. ಸಮುದ್ರದ ತಳದಲ್ಲಿ ನಡೆದಾಡುವ ಅಧ್ಯಾಯವನ್ನು ಓದುತ್ತಿದ್ದೆ. ನೆಮೊ ಮತ್ತು ಈ ಕಥೆಯನ್ನು ಹೇಳುವ ಪ್ರೊಫೆಸರ್ ಅರೊನಾಕ್ಸ್ ನೀರಿಗಿಳಿಯುವ ಮೊದಲು ತೊಡುವ ಉಡುಪಿಗೆ ನನ್ನ ಪುಸ್ತಕದಲ್ಲಿ ‘ಕಾರ್ಕ್ ಜಾಕೆಟ್’ ಎಂದಿತ್ತು. ನಾನು ಅದನ್ನು ‘ಬೆಂಡಿನ ಅಂಗಿ’ ಎಂದು ಕನ್ನಡ ಮಾಡಿದೆ. ತಾಂಡೇಲರು ಒಪ್ಪಲಿಲ್ಲ. “ಬೆಂಡು ಕಟ್ಟುವುದು ಬಲೆಯ ಮೇಲಂಚು ತೇಲಲಿ ಎಂದು. ಬೆಂಡಿನ ಅಂಗಿ ತೊಟ್ಟವನು ತಳಕ್ಕೆ ಇಳಿಯುವುದು ಹೇಗೆ? ಅವನಿಗೆ ಬೇಕಾದದ್ದು ಸೀಸ” ಎಂದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ರಾತ್ರಿ ಹುಡುಕಿ ನೋಡಿದೆ. ವರ್ನ್ ಬಳಸಿದ ಫ್ರೆಂಚ್ ಪದ ‘ಸ್ಕಾಫಾಂದ್ರ್’. ಬಹಳ ಹಿಂದೆ ಅದಕ್ಕೆ ತೇಲುವ ಅಂಗಿ ಎಂಬ ಅರ್ಥವಿತ್ತು. ವರ್ನ್ ಕಾಲಕ್ಕೆ ಮುಳುಗುಗಾರರ ಉಡುಪು ಎಂದೇ ಅರ್ಥ. ಅನುವಾದಕರು ಹಳೆಯ ಅರ್ಥವನ್ನು ಹಿಡಿದು ಪುಸ್ತಕದುದ್ದಕ್ಕೂ ಅದೇ ತಪ್ಪನ್ನು ಮಾಡಿದ್ದಾರೆ. ವರ್ನ್ ಬರೆದದ್ದಾದರೋ ತಾಂಡೇಲರು ಹೇಳಿದಂತೆಯೇ ಇದೆ: ರಬ್ಬರಿನ ಉಡುಪು, ತಾಮ್ರದ ಶಿರಸ್ತ್ರಾಣ, ಸೀಸದ ಅಡಿಯ ಬೂಟು. ನೂರೈವತ್ತು ವರ್ಷಗಳ ಹಿಂದಿನ ಅನುವಾದದ ದೋಷವೊಂದನ್ನು ಫ್ರೆಂಚಾಗಲಿ ಇಂಗ್ಲಿಷಾಗಲಿ ತಿಳಿಯದ ಹಿರಿಯರೊಬ್ಬರು ಬಲೆಯ ಅನುಭವದಿಂದ ಹಿಡಿದದ್ದನ್ನು ನಾನು ಬದುಕಿರುವಷ್ಟು ಕಾಲ ಮರೆಯಲಾರೆ. ಮೂರು ಸಲ ಓದಿದ ನನಗೆ ಅದು ತೋಚಿರಲಿಲ್ಲ.

ಈಗ ಸಂಪೂರ್ಣ ಅನುವಾದಕ್ಕೆ ಬದಲಾಯಿಸಿಕೊಂಡಿದ್ದೇನೆ, ಅದೂ ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕಾಪುವಿನ ಓದುಗರೇ, ನೀವು ದೊಡ್ಡ ಪ್ರತಿಯನ್ನೇ ಓದಿ.

ಹಸಿರು ಅಲೆ, ಮಂಗಳೂರು

ಸರ್, ನಾನು ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲಿ ಓದುತ್ತಿದ್ದೇನೆ. ಈ ಕಾದಂಬರಿಯ ಮೀನುಗಳ ಪಟ್ಟಿಗಳನ್ನು ಎಲ್ಲರೂ ಬೇಸರದಿಂದ ಹಾರಿಸುತ್ತಾರೆ. ನಾನು ಈ ವಿದ್ಯೆಗೆ ಬಂದದ್ದೇ ಆ ಪಟ್ಟಿಗಳಿಂದ. ಗಟ್ಟಿಯಾಗಿ ಓದುವಾಗ ಅವನ್ನು ಹಾರಿಸಬೇಡಿ ಎಂದು ಕೇಳಿಕೊಳ್ಳಲು ಬರೆಯುತ್ತಿದ್ದೇನೆ.

ಕಿಲ್ತಾನ್‌ಗೆ ಮೊದಲು ಬಂಗಾಳ ಕೊಲ್ಲಿಯ ಬಾಯಿಯಲ್ಲಿ ಒಂದು ರಾತ್ರಿಯ ವರ್ಣನೆ ಬರುತ್ತದೆ. ಚಂದ್ರನಿಲ್ಲದಿದ್ದರೂ ಕಡಲು ಹಾಲಿನಂತೆ ಬೆಳ್ಳಗಾಗಿರುತ್ತದೆ, ಆಕಾಶವೇ ಅದರೆದುರು ಕಪ್ಪಾಗಿ ಕಾಣುತ್ತದೆ. ಕೂದಲೆಳೆಯಷ್ಟು ತೆಳ್ಳಗಿನ, ಹೊಳೆಯುವ ಅಸಂಖ್ಯ ಕ್ರಿಮಿಗಳು ಅದಕ್ಕೆ ಕಾರಣವೆಂದು ಅರೊನಾಕ್ಸ್ ತನ್ನ ಸಹಾಯಕ ಕೊನ್ಸೇಯ್‌ಗೆ ವಿವರಿಸುತ್ತಾನೆ. ಇದು ಕವಿಕಲ್ಪನೆಯಲ್ಲ. 1995ರ ಜನವರಿಯಲ್ಲಿ ಸೊಮಾಲಿಯಾದ ಆಚೆ ಒಂದು ಬ್ರಿಟಿಷ್ ಸರಕು ಹಡಗಿನವರು ಇಂಥದೇ ಕಡಲನ್ನು ಗಂಟೆಗಟ್ಟಲೆ ದಾಟಿದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದರು. ಹತ್ತು ವರ್ಷಗಳ ಮೇಲೆ ವಿಜ್ಞಾನಿಗಳು ಆ ದಿನಗಳ ಉಪಗ್ರಹ ಚಿತ್ರಗಳನ್ನು ತೆಗೆದು ನೋಡಿದಾಗ, ಅದೇ ಜಾಗದಲ್ಲಿ ಸುಮಾರು 15,400 ಚದರ ಕಿಲೊಮೀಟರ್ ಹರಡಿದ್ದ ಬೆಳಕು ಸಿಕ್ಕಿತು. ಹೊಳೆಯುವುದು ಬ್ಯಾಕ್ಟೀರಿಯಾ ಎಂಬುದು ಈಗಿನ ತಿಳಿವಳಿಕೆ. ತಮ್ಮ ಸಂಖ್ಯೆ ಒಂದು ಮಟ್ಟಕ್ಕೆ ದಟ್ಟವಾದ ಮೇಲಷ್ಟೇ ಅವು ಒಟ್ಟಾಗಿ ಬೆಳಕು ಕೊಡುತ್ತವೆ. ಅರೊನಾಕ್ಸ್ ಜೀವಿಯ ಹೆಸರಿನಲ್ಲಿ ತಪ್ಪಿದ, ಬೆಳಕು ಜೀವಿಗಳದೆಂಬುದರಲ್ಲಿ ತಪ್ಪಲಿಲ್ಲ.

ನಿಮ್ಮ ಮಕ್ಕಳು ಬಹುಶಃ ಇನ್ನೊಂದು ಬಗೆಯ ಬೆಳಕನ್ನು ನೋಡಿರುತ್ತಾರೆ. 2020ರ ನವೆಂಬರ್‌ನಲ್ಲಿ ಉಡುಪಿ, ಮಂಗಳೂರಿನ ಕಡಲತೀರಗಳಲ್ಲಿ ಅಲೆ ಒಡೆದಾಗಲೆಲ್ಲ ನೀಲಿಯಾಗಿ ಮಿಂಚಿದ್ದನ್ನು ನೋಡಲು ಜನ ಸೇರಿದ್ದರು. ಅದು ನಾಕ್ಟಿಲುಕ ಎಂಬ ಏಕಕೋಶ ಜೀವಿಯ ಬೆಳಕು. ಅದು ಕದಡಿದಾಗ ಮಾತ್ರ ಮಿಂಚಿ ಆರುತ್ತದೆ. ಹಾಲ್ಗಡಲಿನ ಬೆಳಕು ಕದಡದಿದ್ದರೂ ಒಂದೇ ಸಮನೆ ಇರುತ್ತದೆ. ತಾಂಡೇಲರು ಮೂವತ್ತು ವರ್ಷಗಳ ರಾತ್ರಿಗಳಲ್ಲಿ ಎರಡನೆಯದನ್ನು ಕಂಡಿದ್ದಾರೆಯೇ ಎಂದು ಕೇಳಿ ತಿಳಿಸುವಿರಾ?

ಮುಂದೆ ದೈತ್ಯ ಬೊಂಡಾಸಿನ (ಸ್ಕ್ವಿಡ್) ಅಧ್ಯಾಯ ಬರುವ ದಿನ ಮಕ್ಕಳ ಕೈಗೆ ಕಪ್ಪೆ ಬೊಂಡಾಸಿನ (ಕಟ್ಲ್‌ಫಿಶ್) ಬೆನ್ನಿನ ಬಿಳಿಯ ಓಡೊಂದನ್ನು ಕೊಡಿ. ತೀರದಲ್ಲಿ ಹುಡುಕಿದರೆ ಸಿಗುತ್ತದೆ. ಉಗುರಿನಿಂದ ಗೀರಿದರೆ ಅದರೊಳಗೆ ಕಾಗದದಂಥ ಪದರಗಳು, ಪದರಗಳ ನಡುವೆ ಸಣ್ಣ ಕೋಣೆಗಳು ಕಾಣುತ್ತವೆ. ಆ ಕೋಣೆಗಳಲ್ಲಿ ನೀರು ಎಷ್ಟು, ಅನಿಲ ಎಷ್ಟು ಎಂಬುದನ್ನು ಹೆಚ್ಚುಕಡಿಮೆ ಮಾಡಿಕೊಂಡು ಅದು ಏರುತ್ತದೆ, ಇಳಿಯುತ್ತದೆ. ನೆಮೊನ ಹಡಗು ತೊಟ್ಟಿಗಳಿಗೆ ನೀರು ತುಂಬಿಸಿ ಮುಳುಗುವುದೂ ನೀರನ್ನು ಹೊರದೂಡಿ ಮೇಲೇರುವುದೂ ಇದೇ ಉಪಾಯದಿಂದ. ಹಡಗಿಗೆ ಹೆಸರು ಕೊಟ್ಟ ನಾಟಿಲಸ್ ಎಂಬ ಪ್ರಾಣಿ ಬೊಂಡಾಸಿನ ದೂರದ ನೆಂಟನೇ, ಅದರ ಚಿಪ್ಪಿನಲ್ಲಿಯೂ ಕೋಣೆಗಳಿವೆ. ಬಹಳ ಜನ ಆ ಅಧ್ಯಾಯವನ್ನು ಬರಿಯ ಭಯಾನಕ ಕಥೆಯೆಂದುಕೊಂಡಿದ್ದಾರೆ. ಆದರೆ 1861ರಲ್ಲಿ ಅಲೆಕ್ಟಾನ್ ಎಂಬ ಫ್ರೆಂಚ್ ಹಡಗಿನವರು ಟೆನೆರಿಫ್ ಬಳಿ ದೈತ್ಯ ಬೊಂಡಾಸನ್ನು ಕಂಡದ್ದು ನಿಜ, ಅದನ್ನು ವರ್ನ್ ಪಾತ್ರಗಳ ಬಾಯಲ್ಲಿ ಹೇಳಿಸಿದ್ದಾನೆ. ಕಡಲಾಳದಲ್ಲಿ ಜೀವಂತವಾಗಿರುವ ದೈತ್ಯ ಬೊಂಡಾಸಿನ ಚಿತ್ರವನ್ನು ಜಪಾನಿನ ವಿಜ್ಞಾನಿಗಳು ಮೊದಲಿಗೆ ತೆಗೆದದ್ದು 2004ರಲ್ಲಿ.

ಎಂಜಿನ್ ಕೋಣೆ, ಸುರತ್ಕಲ್

ಹಡಗಿನ ಎಂಜಿನ್ ಕೋಣೆಯಲ್ಲಿ ಬಹುಕಾಲ ಕೆಲಸ ಮಾಡಿದವನ ಓದು ಇದು. ನಾಟಿಲಸ್ 70 ಮೀಟರ್ ಉದ್ದ, 8 ಮೀಟರ್ ಅಗಲ, ಎರಡು ಪದರದ ಉಕ್ಕಿನ ಹೊದಿಕೆ. ಈ ಅಂಕಿಗಳು ಇಂದಿಗೂ ಮೆಚ್ಚುವಂಥವು. ಚಾಲನೆಗೆ ವಿದ್ಯುತ್ತು, ವಿದ್ಯುತ್ತಿಗೆ ಸಮುದ್ರದ ಉಪ್ಪಿನಿಂದ ತೆಗೆದ ಸೋಡಿಯಂ. ಸೋಡಿಯಂ ತೆಗೆಯಲು ಶಾಖ ಬೇಕಲ್ಲವೇ ಎಂದು ಓದುಗ ಕೇಳುವ ಮೊದಲೇ, ಕಡಲಡಿಯ ಗಣಿಯ ಕಲ್ಲಿದ್ದಲು ಎಂದು ನೆಮೊ ಉತ್ತರಿಸುತ್ತಾನೆ. ಹೀಗೆ ಲೆಕ್ಕವನ್ನು ಮುಚ್ಚಿಡದೆ ಓದುಗನ ಮುಂದಿಡುವುದಕ್ಕಾಗಿ ನನಗೆ ವರ್ನ್ ಇಷ್ಟ. ಅವನು ತಪ್ಪಿದ್ದೂ ಇದೆ. ನಾಟಿಲಸ್ ಒಂದೆಡೆ 16,000 ಮೀಟರ್ ಆಳಕ್ಕಿಳಿಯುತ್ತದೆ. ನಮಗೆ ತಿಳಿದಿರುವ ಅತಿ ಆಳದ ಜಾಗವೇ 11,000 ಮೀಟರ್ ಮುಟ್ಟುವುದಿಲ್ಲ. ದಕ್ಷಿಣ ಧ್ರುವದ ಸುತ್ತ ತೆರೆದ ಕಡಲಿದೆಯೆಂದು ಅವನು ಎಣಿಸಿದ್ದ.

ಆದರೆ ನಾನು ಮತ್ತೆ ಮತ್ತೆ ತೆರೆಯುವುದು ಮಂಜುಗಡ್ಡೆಯಡಿಯಲ್ಲಿ ಸಿಕ್ಕಿಬೀಳುವ ಅಧ್ಯಾಯವನ್ನು. ನಾಟಿಲಸ್ ಉಸಿರಾಟದ ಗಾಳಿಯನ್ನು ತಾನೇ ತಯಾರಿಸುವುದಿಲ್ಲ, ಮೇಲೆ ಬಂದು ತುಂಬಿಕೊಳ್ಳಬೇಕು. ಸುತ್ತಲೂ ಹಿಮ ಕಟ್ಟಿಕೊಂಡಿದೆ, ದಿನಗಳು ಕಳೆದಿವೆ, ಒಳಗಿನ ಗಾಳಿ ಕೆಟ್ಟಿದೆ. ಎಲ್ಲರೂ ಸರದಿಯಲ್ಲಿ ಹೊರಗಿಳಿದು ಹಿಮ ಒಡೆಯುತ್ತಾರೆ. ಬೆನ್ನಿಗೆ ಕಟ್ಟಿಕೊಂಡ ಗಾಳಿಯ ಡಬ್ಬಿಯನ್ನು ಸಮಯ ಮುಗಿದ ಕೂಡಲೇ ಮುಂದಿನವನಿಗೆ ಕೊಡಬೇಕು, ಒಬ್ಬನೂ ಒಂದು ನಿಮಿಷ ಹೆಚ್ಚು ಇಟ್ಟುಕೊಳ್ಳುವುದಿಲ್ಲ. ಕೊನೆಗೆ ಅರೊನಾಕ್ಸ್ ಪ್ರಜ್ಞೆ ತಪ್ಪುವಾಗ, ಒಂದು ಡಬ್ಬಿಯ ತಳದಲ್ಲಿ ಉಳಿದಿದ್ದ ನಾಲ್ಕು ಉಸಿರನ್ನು ತಿಮಿಂಗಿಲ ಬೇಟೆಗಾರ ನೆಡ್ ಲ್ಯಾಂಡ್ ಮತ್ತು ಕೊನ್ಸೇಯ್ ತಾವು ಎಳೆದುಕೊಳ್ಳದೆ ಅವನಿಗೆ ಕೊಡುತ್ತಾರೆ. ಮುಚ್ಚಿದ ಕೋಣೆಯಲ್ಲಿ ಬಿಸಿ ಮತ್ತು ಹೊಗೆಯ ನಡುವೆ ಕೆಲಸ ಮಾಡಿದವರಿಗೆ ಆ ಪುಟದ ಭಾರ ಗೊತ್ತಾಗುತ್ತದೆ. ದಯವಿಟ್ಟು ಅದನ್ನು ನಿಧಾನವಾಗಿ ಓದಿ.

ಕುಂದಾಪುರದ ಟೀಚರ್

ಮಾಷ್ಟ್ರಿಗೆ ನಮಸ್ಕಾರ. ನಿಮ್ಮ ಪ್ರಯತ್ನದ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೂ ಒಂದು ಆತಂಕವನ್ನು ಹೇಳಲೇಬೇಕು. ಇಲ್ಲಿಯ ತನಕ ಎಲ್ಲರೂ ನೆಮೊನನ್ನು ಮೆಚ್ಚಿ ಬರೆದಿದ್ದಾರೆ. ಸಿಂಹಳದಲ್ಲಿ ಮುತ್ತಿಗಾಗಿ ಕಾಲಿನಲ್ಲಿ ಕಲ್ಲು ಒತ್ತಿಹಿಡಿದು ಮುಳುಗುವ ಬಡವನನ್ನು ಅವನು ಶಾರ್ಕಿನಿಂದ ಉಳಿಸುತ್ತಾನೆ, ಮುತ್ತಿನ ಚೀಲವನ್ನು ಅವನ ಕೈಗಿಡುತ್ತಾನೆ, ತುಳಿತಕ್ಕೊಳಗಾದ ದೇಶದವನು ಅವನು, ಕೊನೆಯುಸಿರಿನವರೆಗೂ ನಾನೂ ಆ ದೇಶದವನೇ ಎನ್ನುತ್ತಾನೆ. ಅದೆಲ್ಲ ಸರಿ. ಆದರೆ ಕೊನೆಯ ಭಾಗದಲ್ಲಿ ಅದೇ ನೆಮೊ ಒಂದು ಯುದ್ಧನೌಕೆಯನ್ನು ಜನರ ಸಮೇತ ಮುಳುಗಿಸಿ, ಅದು ಮುಳುಗುವುದನ್ನು ಗಾಜಿನ ಕಿಟಕಿಯಿಂದ ನೋಡುತ್ತಾನೆ. ನಿಮ್ಮ ಜಗಲಿಯಲ್ಲಿ ಕೂತಿರುವುದು ಕಡಲಿಗೆ ಹೋದವರಿಗಾಗಿ ಕಾಯುವ ಮನೆಗಳ ಮಕ್ಕಳು. ಅವರೆದುರು ಆ ಅಧ್ಯಾಯವನ್ನು ಓದುವಿರಾ? ಸಂಕ್ಷಿಪ್ತ ಪುಸ್ತಕಗಳು ಅದನ್ನು ಮೊಟಕು ಮಾಡಿದ್ದರೆ ಅದು ತಪ್ಪೆಂದು ನನಗೆ ಅನಿಸುವುದಿಲ್ಲ.

ಪಡುಕರೆಯ ಓದುಗ

ಟೀಚರ್, ನಿಮ್ಮ ಮಾತು ಎರಡು ವಾರ ನನ್ನ ಮನಸ್ಸಿನಲ್ಲಿಯೇ ಇತ್ತು. ಓದಬೇಕೆಂದು ತೀರ್ಮಾನಿಸಿದೆ, ಮೊನ್ನೆಯ ಶನಿವಾರ ಓದಿದೆ. ಮಕ್ಕಳ ತಾಯಂದಿರಿಗೆ ಮೊದಲೇ ಹೇಳಿದ್ದೆ, ಇಬ್ಬರು ತಾಯಂದಿರು ತಾವೂ ಬಂದು ಕೂತರು.

ಅದಕ್ಕೆ ಮೊದಲು ಉಳಿದವರ ಪ್ರಶ್ನೆಗಳಿಗೆ. ಹಾಲ್ಗಡಲನ್ನು ತಾಂಡೇಲರು ಕಂಡಿಲ್ಲ. ಬಲೆ ಎಳೆಯುವಾಗ ನೀರು ಮಿಂಚಿದ್ದನ್ನು ಬಹಳ ಸಲ ಕಂಡಿದ್ದಾರೆ, ಹಾಗೆ ಮಿಂಚಿದ ರಾತ್ರಿ ಮೀನಿನ ಗುಂಪು ಹೋದ ದಾರಿಯೂ ಬೆಳಕಿನ ಗೆರೆಯಾಗಿ ತೋರುತ್ತದಂತೆ. ಬೊಂಡಾಸಿನ ಓಡನ್ನು ಮಕ್ಕಳು ಒಂದರ ಬದಲು ಏಳು ತಂದರು. ಮಂಜುಗಡ್ಡೆಯ ಅಧ್ಯಾಯವನ್ನು ಸುರತ್ಕಲ್ಲಿನ ಹಿರಿಯರು ಹೇಳಿದಂತೆ ನಿಧಾನವಾಗಿ ಓದಿದೆ. ಗಾಳಿಯ ಡಬ್ಬಿಯನ್ನು ಕೊಡುವಲ್ಲಿಗೆ ಬಂದಾಗ ಒಬ್ಬ ಹುಡುಗ ತನ್ನ ಉಸಿರನ್ನೇ ಹಿಡಿದುಕೊಂಡಿದ್ದ.

ಈಗ ಯುದ್ಧನೌಕೆಯ ಅಧ್ಯಾಯ. ಹಡಗು ಮುಳುಗುತ್ತದೆ, ಜನ ಹಾಯಿಕಂಬದ ಹಗ್ಗಗಳನ್ನು ಹತ್ತುತ್ತಾರೆ, ನೀರು ಅವರ ಹಿಂದೆಯೇ ಏರುತ್ತದೆ. ನಾನು ಓದುವುದನ್ನು ನಿಲ್ಲಿಸಿದಾಗ ಯಾರೂ ಮಾತನಾಡಲಿಲ್ಲ. ಬೋಟಿನಲ್ಲಿ ಎಂಜಿನ್ ನೋಡಿಕೊಳ್ಳುವ ಯುವಕ ಬಹಳ ಹೊತ್ತಿನ ಮೇಲೆ, “ಕೆಳಗೆ ಎಂಜಿನ್ ಹತ್ತಿರ ಇದ್ದವರಿಗೆ ಏನಾಯಿತೆಂದೇ ಗೊತ್ತಾಗಿರಲಿಕ್ಕಿಲ್ಲ, ಅಲ್ಲವಾ ಮಾಷ್ಟ್ರೇ?” ಎಂದ. ರೇಖಾಂಶದ ತಪ್ಪು ಹಿಡಿದಿದ್ದ ಹುಡುಗಿ, ಮುತ್ತಿನವನನ್ನು ಉಳಿಸಿದ್ದೂ ಇವನೇ ತಾನೇ ಎಂದು ಕೇಳಿದಳು. ಹೌದು, ಇವನೇ ಎಂದೆ. ಹಾಗಾದರೆ ಅರೊನಾಕ್ಸ್ ಏನೆಂದ ಎಂದಳು. ಮುಂದಿನ ಪುಟದಲ್ಲಿ ಅದಕ್ಕೆ ಉತ್ತರವಿದೆ: ಮನುಷ್ಯರ ಕೈಯಲ್ಲಿ ಅವನು ಎಷ್ಟೇ ನೋವುಂಡಿರಲಿ, ಹೀಗೆ ಶಿಕ್ಷಿಸುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾನೆ ಅರೊನಾಕ್ಸ್. ನೆಮೊ ತನ್ನ ಕೋಣೆಯಲ್ಲಿ ಒಬ್ಬ ಹೆಂಗಸು ಮತ್ತು ಎರಡು ಮಕ್ಕಳ ಚಿತ್ರದ ಮುಂದೆ ಮಂಡಿಯೂರಿ ಅಳುವುದನ್ನೂ ಓದಿದೆ. ಇವನ್ನು ಮೊಟಕು ಮಾಡಿದ್ದರೆ ಆ ಹುಡುಗಿಯ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ, ಟೀಚರ್. ಏಳನೆಯ ತರಗತಿಯಲ್ಲಿ ಸಂಕ್ಷಿಪ್ತ ಪುಸ್ತಕವನ್ನು ಓದಿದ ನನಗೆ ನೆಮೊ ಬರಿಯ ವೀರನಾಗಿ ಉಳಿದಿದ್ದ.

ಕುಂದಾಪುರದ ಟೀಚರ್

ತಾಯಂದಿರನ್ನು ಕರೆದು ಕೂರಿಸಿಕೊಂಡು ಓದಿದ್ದು ಸರಿಯಾಯಿತು. ಎಂಜಿನ್ ನೋಡುವ ಹುಡುಗನ ಮಾತನ್ನು ಓದಿದ ಮೇಲೆ ನನ್ನ ಆತಂಕ ಪೂರ್ತಿ ಹೋಗಿಲ್ಲ, ಆದರೆ ನಿಮ್ಮ ತೀರ್ಮಾನ ಅರ್ಥವಾಯಿತು. ನಮ್ಮ ಶಾಲೆಯ ಒಂಬತ್ತನೆಯ ತರಗತಿಗೆ ಸಿಂಹಳದ ಅಧ್ಯಾಯದಿಂದ ಶುರುಮಾಡಿ ಓದುವ ಮನಸ್ಸಿದೆ. ನೆಮೊನ ಗ್ರಂಥಾಲಯದ ಪುಟದಿಂದ ಶುರುಮಾಡಲೇ ಎಂದೂ ಯೋಚನೆಯಿದೆ: 12,000 ಪುಸ್ತಕಗಳಿವೆ, ಎಲ್ಲ ಭಾಷೆಯವೂ ಇವೆ, ಹೊರಗಿನಿಂದ ಯಾರೂ ಬಂದು ಒಂದನ್ನೂ ಕೇಳಿ ಒಯ್ಯುವಂತಿಲ್ಲ. ಯಾವುದು ಒಳ್ಳೆಯದು?

ಪಡುಕರೆಯ ಓದುಗ

ಸಿಂಹಳದಿಂದಲೇ ಶುರುಮಾಡಿ. ಕಡಲತೀರದ ಮಕ್ಕಳು ಮುಳುಗುವವನ ಕಾಲಿನ ಕಲ್ಲನ್ನು ಕೂಡಲೇ ಗುರುತಿಸುತ್ತಾರೆ. ಗ್ರಂಥಾಲಯ ಆಮೇಲೆ ಬರಲಿ.

ನಮ್ಮಲ್ಲಿ ಜುಲೈ ಮುಗಿಯುತ್ತಾ ಬಂತು, ಪುಸ್ತಕದಲ್ಲಿ ಇನ್ನೂ ಎರಡು ಅಧ್ಯಾಯಗಳು ಉಳಿದಿವೆ. ಬಂದರಿನಲ್ಲಿ ಬೋಟುಗಳಿಗೆ ಮಂಜುಗಡ್ಡೆ, ಡೀಸೆಲ್ ತುಂಬಿಸುವ ಕೆಲಸಕ್ಕೆ ತಯಾರಿ ನಡೆದಿದೆ. ಇಬ್ಬರು ಯುವಕರು ಆಗಸ್ಟ್ ಮೊದಲ ವಾರವೇ ಹೊರಡುತ್ತಾರೆ, ಹೋದರೆ ಹತ್ತು ದಿನ ಮರಳುವುದಿಲ್ಲ. ಕೊನೆಯನ್ನು ಕೇಳದೆ ಹೋಗುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ನಿನ್ನೆ ಸಂಜೆ ಕೂತು ಉಳಿದ ಎರಡು ಅಧ್ಯಾಯಗಳನ್ನು ಕನ್ನಡದಲ್ಲಿ ಹೇಳಿ ಅವರ ಫೋನಿನಲ್ಲಿ ಧ್ವನಿಮುದ್ರಿಸಿಕೊಟ್ಟೆ; ದಡದಿಂದ ದೂರ ಹೋದ ಮೇಲೆ ಸಂಪರ್ಕ ಸಿಗದಿದ್ದರೂ ಕೇಳಬಹುದು. ಮುಗಿಯಿತೆಂದು ನಾನು ಏಳುವಾಗ ಎಂಜಿನ್ ಹುಡುಗ, ಕಿಲ್ತಾನ್ ಪುಟವನ್ನೂ ಒಮ್ಮೆ ಓದಿ ಮಾಷ್ಟ್ರೇ, ಆ ಕಡೆ ಹೋದರೆ ಹಾಕಿ ಕೇಳುತ್ತೇವೆ ಎಂದ. ಓದಿದೆ. ಹಂಚಿನ ಮೇಲೆ ಮಳೆಯ ಸದ್ದು ಜೋರಾಗಿತ್ತು, ಅದೂ ಸೇರಿಕೊಂಡಿದೆ. ದ್ವೀಪದ ಹೆಸರು ಬಂದ ಕಡೆ ತಾಂಡೇಲರು ಮತ್ತೆ ತಡೆದು, ಅಲ್ಲಿ ಹವಳದ ದಿಬ್ಬಗಳಿವೆ, ರಾತ್ರಿ ಹತ್ತಿರ ಹೋಗಬೇಡಿ ಎಂದು ಹುಡುಗರಿಗೆ ಹೇಳಿದ್ದೂ ಅದರಲ್ಲಿ ಉಳಿದಿದೆ. ನಾನು ಅದನ್ನು ಅಳಿಸಲಿಲ್ಲ.